ಮೇಡಂ ಬರೆದ ಕ್ರಾಸಿನ ಪ್ರಶ್ನೆ

ಮೊನ್ನೆ ಮಧ್ಯಾಹ್ನ ಜಯನಗರದ ಕಾಂಪ್ಲೆಕ್ಸ್ ಹತ್ತಿರ ತಳ್ಳುಗಾಡಿಯವನು ಸೀಬೆಕಾಯಿ ಹೆಚ್ಚಿ ಉಪ್ಪು ಖಾರ ಸವರುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಡುರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಸ್ಕೂಟರಿನವನೊಬ್ಬ ಹಾರ್ನ್ ಹೊಡೆದು ಬೈದುಕೊಂಡು ಹೋದ. ಬೈಯಲಿ ಬಿಡಿ. ನನ್ನ ಕಣ್ಣ ಮುಂದೆ ಬಂದು ನಿಂತವರು ನಮ್ಮ ಆಫೀಸಿನ ಮೇಡಂ... ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದರಲ್ಲಿ ಸೀಬೆಕಾಯಿ ಹೋಳು, ಕೀಬೋರ್ಡಿನ ಮೇಲೆಲ್ಲ ಖಾರದ ಪುಡಿ.

ಅದು ನನ್ನ ಮೊದಲ ಕೆಲಸ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಜಯನಗರದ ಒಂದು ಮನೆಯ ಮಹಡಿಯಲ್ಲಿದ್ದ ಪುಟ್ಟ ಆಫೀಸಿಗೆ ಸೇರಿದ್ದೆ. ಶಾಲಾ ಮಕ್ಕಳಿಗೆ ಪರೀಕ್ಷೆ ತಯಾರಿಸಿಕೊಡುವುದು ನಮ್ಮ ಕಸುಬು. ಆ ವರ್ಷ ಒಂದು ಟ್ರಸ್ಟಿನವರು ಏಳನೇ ತರಗತಿಯವರಿಗೆ ಪರೀಕ್ಷೆ ಮಾಡಿಸಿದ್ದರು. ಆಯ್ಕೆಯಾದವರಿಗೆ ಹೈಸ್ಕೂಲು ಮುಗಿಯುವವರೆಗೆ ಓದು, ಹಾಸ್ಟೆಲು ಎಲ್ಲ ಉಚಿತ. ಸೀಟು ಕಮ್ಮಿ, ಮಕ್ಕಳು ಜಾಸ್ತಿ. ಒಂದೇ ಒಂದು ಅಂಕಕ್ಕೆ ಒಂದು ಮಗುವಿನ ಹಣೆಬರಹ ಅತ್ತಿಂದಿತ್ತ ಆಗುವಂಥ ಪರೀಕ್ಷೆ ಅದು.

ಮೇಡಂ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಹುಟ್ಟಿದ್ದೂ ಜಯನಗರ, ಮದುವೆಯಾಗಿ ಹೋದದ್ದೂ ನಾಲ್ಕು ರಸ್ತೆ ಆಚೆಗೆ. ಪ್ರಶ್ನೆಪತ್ರಿಕೆಯ ಯಾವ ಪ್ರಶ್ನೆ ಕೆಟ್ಟಿದೆ ಎಂದು ಪರೀಕ್ಷೆ ಮುಗಿದ ಮೇಲೆ ಹುಡುಕುವುದು ಅವರ ಹುಚ್ಚು. ಅದಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿದೆ. ನಾವು ಚುಟುಕಾಗಿ ಡಿಫ್ ಎನ್ನುತ್ತಿದ್ದೆವು. ನನ್ನ ಪುಸ್ತಕದಲ್ಲಿ ಅದು ಎರಡು ಪುಟದ ಸೂತ್ರವಾಗಿತ್ತು. ಮೇಡಂ ಸೀಬೆಕಾಯಿ ಅಗಿಯುತ್ತಲೇ ಹೇಳಿಬಿಟ್ಟರು: "ಒಟ್ಟು ಅಂಕ ಒಂದೇ ಬಂದಿರೋ ಮಕ್ಕಳನ್ನ ಪಕ್ಕಪಕ್ಕ ನಿಲ್ಸು. ಇವರು ಈ ಊರು, ಅವರು ಆ ಊರು. ಇಬ್ರೂ ಸಮಾನ ಜಾಣರು, ಅಲ್ವಾ? ಆಮೇಲೆ ಒಂದೊಂದೇ ಪ್ರಶ್ನೆ ನೋಡ್ತಾ ಹೋಗು. ಯಾವುದಾದ್ರೂ ಒಂದರಲ್ಲಿ ಮಾತ್ರ ಒಂದು ಊರಿನವರು ಸಾಲಾಗಿ ಬಿದ್ದಿದ್ರೆ, ತಪ್ಪು ಮಕ್ಕಳದ್ದಲ್ಲ ಕಣೇ, ಪ್ರಶ್ನೆದು."

ಅಬ್ಬಾ, ಎಷ್ಟು ಸಲೀಸು! ನನ್ನ ಎಂ.ಎಸ್ಸಿ.ಗೆ ಜೀವ ಬಂದದ್ದೇ ಆವತ್ತು.

ಆ ಶುಕ್ರವಾರ ನಾನು ಜಯನಗರ ಕಡೆಯ ಮಕ್ಕಳನ್ನೂ ಊರಂಚಿನ ತಲಘಟ್ಟಪುರ ಕಡೆಯ ಮಕ್ಕಳನ್ನೂ ಹಾಗೆ ಜೋಡಿಸಿ ಗ್ರಾಫ್ ತೆಗೆದೆ. ಎಲ್ಲ ಪ್ರಶ್ನೆಗಳಲ್ಲೂ ಎರಡು ಗೆರೆ ಅಂಟಿಕೊಂಡೇ ಹೋಗುತ್ತಿದ್ದವು. ಒಂದರಲ್ಲಿ ಮಾತ್ರ ಜಯನಗರದ ಗೆರೆ ಮೇಲೆ, ತಲಘಟ್ಟಪುರದ್ದು ಎಲ್ಲೋ ಪಾತಾಳದಲ್ಲಿ. "ಸಿಕ್ಕಿಬಿತ್ತು!" ಎಂದು ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು, ಚಪ್ಪಾಳೆ ಬೇರೆ. ಆಮೇಲೆ ಕನ್ನಡಕ ಏರಿಸಿಕೊಂಡು, ಅದು ಯಾವ ಪ್ರಶ್ನೆ ಎಂದು ಬಗ್ಗಿ ನೋಡಿದರು.

ಅವರೇ ಬರೆದ ಪ್ರಶ್ನೆ. ಅದೂ ಬಲು ಮುದ್ದಿನದು. ಒಬ್ಬ ಹುಡುಗಿ ಒಂಬತ್ತನೇ ಮೇನ್ ರಸ್ತೆಯಲ್ಲಿ ಇಪ್ಪತ್ತಾರನೇ ಕ್ರಾಸಿನಿಂದ ಮೂವತ್ತನೇ ಕ್ರಾಸಿಗೆ ನಡೆದರೆ ನಡುವೆ ಎಷ್ಟು ಕ್ರಾಸ್ ಸಿಗುತ್ತವೆ? ಉತ್ತರ, ಮೂರು. ಪ್ರಶ್ನೆಗಳನ್ನು ಪರಿಶೀಲಿಸಿದ ಹಿರಿಯರೆಲ್ಲ ಜಯನಗರ, ಬನಶಂಕರಿ, ತ್ಯಾಗರಾಜನಗರದವರು. ಎಲ್ಲರೂ ತಲೆದೂಗಿ ಒಪ್ಪಿದ್ದ ಪ್ರಶ್ನೆ. ಮೇಡಂ ಕನ್ನಡಕ ತೆಗೆದಿಟ್ಟರು. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ನೋಡೇ, ಬೇರೆಯವರ ಪ್ರಶ್ನೆಗೆ ಬಲೆ ಹಾಕ್ದೆ, ನಾನೇ ಬಿದ್ದೆ!"

ವಿಷಯ ತಿಳಿದು ಬಂದ ಟ್ರಸ್ಟಿನ ಸೆಕ್ರೆಟರಿ ನಗಲಿಲ್ಲ. ಸೋಮವಾರ ಫಲಿತಾಂಶ ಎಂದು ಎಲ್ಲ ಶಾಲೆಗೂ ಹೇಳಿಯಾಗಿತ್ತು. "ಆ ಕಡೆ ಮಕ್ಕಳು ಸ್ವಲ್ಪ ವೀಕು ಮೇಡಂ, ಅಷ್ಟೇ" ಎಂದುಬಿಟ್ಟರು. ನಮ್ಮೂರು ತಲಘಟ್ಟಪುರವೇ, ನನಗೆ ಮೈಯೆಲ್ಲ ಉರಿದುಹೋಯಿತು. ಮೇಡಂ ಮಾತ್ರ ಗ್ರಾಫನ್ನು ಅವರ ಮುಂದೆ ತಳ್ಳಿದರು. "ವೀಕಾಗಿದ್ರೆ ಎಲ್ಲದ್ರಲ್ಲೂ ವೀಕಾಗಿರ್ಬೇಕು ಸಾರ್. ಈ ಕೆಳಗಿನ ಗೆರೇಲಿರೋರು ಉಳಿದದ್ರಲ್ಲಿ ನಮ್ಮ ಮಕ್ಕಳ ಸಮಕ್ಕೆ ಅಂಕ ತೆಗೆದೋರು." ಸೆಕ್ರೆಟರಿ ಗ್ರಾಫ್ ನೋಡಿದರು, ಗಡಿಯಾರ ನೋಡಿದರು. ಕಂಪ್ಯೂಟರ್ ಹೇಳಿತೆಂದು ಪ್ರಶ್ನೆ ಕಿತ್ತುಹಾಕಲು ಆಗುವುದಿಲ್ಲ, ಕಾರಣ ಬೇಕು, ಅದೂ ನಾಳೆಯೊಳಗೆ ಎಂದರು.

ಕಾರಣ ನಮಗೆಲ್ಲಿ ಗೊತ್ತು! ಮೇಡಂ ಪ್ರಶ್ನೆಯನ್ನು ಜೋರಾಗಿ ಓದಿದರು, ಮೆಲ್ಲಗೆ ಓದಿದರು. ನನಗೂ ಏನೂ ಹೊಳೆಯಲಿಲ್ಲ. ಕಾಲೇಜಿನ ದಿನಗಳಿಂದ ಇವೇ ಕ್ರಾಸುಗಳನ್ನು ಸುತ್ತಿ ನಾನೂ ಅರ್ಧ ಜಯನಗರದವಳೇ ಆಗಿಹೋಗಿದ್ದೆ. ಉತ್ತರಗಳನ್ನು ಮತ್ತೆ ಕೆದಕಿದಾಗ ಒಂದು ವಿಚಿತ್ರ ಕಂಡಿತು. ನಮ್ಮೂರ ಕಡೆಯ ಜಾಣ ಮಕ್ಕಳೆಲ್ಲ ನಾಲ್ಕನೇ ಆಯ್ಕೆಗೇ ಗುರುತು ಹಾಕಿದ್ದರು: "ಹೇಳಲು ಆಗುವುದಿಲ್ಲ." ದಡ್ಡರು ಹಾಕಿದ್ದರೆ ಸರಿ, ಜಾಣರು ಯಾಕೆ? "ನಡಿ, ಅವರನ್ನೇ ಕೇಳೋಣ" ಎಂದರು ಮೇಡಂ.

ಶನಿವಾರ ಬೆಳಗಿನ ಶಾಲೆ. ಆಗಿನ್ನೂ ನಮ್ಮೂರಿಗೆ ಮೆಟ್ರೋ ಬಂದಿರಲಿಲ್ಲ. ಬನಶಂಕರಿಯಲ್ಲಿ ಬಸ್ ಹತ್ತಿದೆವು, ಕನಕಪುರ ರಸ್ತೆಯುದ್ದಕ್ಕೂ ಮೇಡಂಗೆ ಕೂತಲ್ಲಿ ಕೂರಲಾಗದು. ಶಾಲೆಯ ಮೇಷ್ಟ್ರು ಪರೀಕ್ಷೆ ಬರೆದಿದ್ದ ಒಬ್ಬಳು ಹುಡುಗಿಯನ್ನು ಕರೆಸಿದರು. ಎಣ್ಣೆ ಹಚ್ಚಿದ ಎರಡು ಜಡೆ, ನೇರ ನೋಟ. ಇದಕ್ಕೆ ನಾಲ್ಕನೆಯದನ್ನು ಯಾಕೆ ಹಾಕಿದೆ ಮಗಳೇ ಎಂದು ಮೇಡಂ ಕೇಳಿದರು.

"ಇಪ್ಪತ್ತಾರು ಆದ್ಮೇಲೆ ಇಪ್ಪತ್ತೇಳೇ ಇರ್ತದೆ ಅಂತ ಹೆಂಗೆ ಹೇಳೋದು ಮಿಸ್?" ಎಂದಳು ಹುಡುಗಿ. "ನಮ್ಮನೆ ನಂಬರ್ ಹದಿನಾಲ್ಕು. ಪಕ್ಕದ್ಮನೆ ತೊಂಬತ್ತೆರಡು. ಹೋಗಿ ನೋಡಿದ್ರೇ ಗೊತ್ತಾಗೋದು."

ಮೇಡಂ ಆ ಹುಡುಗಿಯ ಎರಡೂ ಕೆನ್ನೆ ಹಿಡಿದುಕೊಂಡು "ಅಯ್ಯೋ ನನ್ನ ಬಂಗಾರಿ, ನೀನು ಬರೆದದ್ದೇ ಸರಿ ಕಣೇ!" ಎಂದು ಕೂಗಿದ ರಭಸಕ್ಕೆ ಪಕ್ಕದ ಕೊಠಡಿಯ ಮಕ್ಕಳೆಲ್ಲ ಕಿಟಕಿಗೆ ಬಂದರು. ಅಷ್ಟೇ ನೋಡಿ ವಿಷಯ! ಕ್ರಾಸುಗಳ ನಂಬರು ಸಾಲಾಗಿ ಇರುತ್ತದೆ ಎಂದು ಪ್ರಶ್ನೆಯಲ್ಲಿ ಎಲ್ಲೂ ಹೇಳಿರಲಿಲ್ಲ. ಜಯನಗರದ ಮಗುವಿಗೆ ಅದನ್ನು ಯಾರೂ ಹೇಳಬೇಕಿಲ್ಲ. ಮನೆಯಿಂದ ಹಾಲಿಗೆ ಹೋಗಿ ಬಂದರೆ ಸಾಕು. ನಮ್ಮೂರಲ್ಲಿ ಮನೆ ಸಿಗುವುದು ಮುನೇಶ್ವರನ ಗುಡಿ ಎದುರು, ನೀಲಿ ಗೇಟು ಎಂದರೆ.

ಅಲ್ಲಿಂದಲೇ ಮೇಡಂ ಸೆಕ್ರೆಟರಿಗೆ ಫೋನ್ ಮಾಡಿದರು. ಟ್ರಸ್ಟಿನವರಿಗೆ ಏನು ಹೇಳಲಿ ಎಂದು ಅವರು ಗೊಣಗಿದರು ಅನ್ನಿಸುತ್ತದೆ. "ನನ್ನ ಹೆಸರು ಹೇಳಿ ಸಾರ್. ಬರೆದೋಳಿಗೆ ಜಯನಗರ ಬಿಟ್ಟು ಬೇರೆ ಪ್ರಪಂಚ ಗೊತ್ತಿರ್ಲಿಲ್ಲ ಅಂತ ಹೇಳಿ!" ಎಂದರು ಮೇಡಂ, ಅದೇನೋ ಬಹುಮಾನ ಬಂದವರ ಹಾಗೆ. ಆ ಪ್ರಶ್ನೆಯನ್ನು ಎಲ್ಲರ ಲೆಕ್ಕದಿಂದಲೂ ತೆಗೆದು ಪಟ್ಟಿ ಹೊಸದಾಗಿ ಮಾಡಿದೆವು. ಸೋಮವಾರ ಸಂಜೆ ಮೇಷ್ಟ್ರ ಫೋನು ಬಂತು: ಎರಡು ಜಡೆಯವಳಿಗೆ ಸೀಟು ಸಿಕ್ಕಿತ್ತು. ಮೇಡಂ ಆಫೀಸಿಗೆಲ್ಲ ಸೀಬೆಕಾಯಿ ತರಿಸಿದರು. ಖಾರ ಎಷ್ಟಿತ್ತೆಂದರೆ ಎಲ್ಲರ ಕಣ್ಣಲ್ಲೂ ನೀರು...

ಈಗ ಅದೇ ಕೆಲಸ ನನ್ನದು. ಮೊನ್ನೆ ಮಧ್ಯಾಹ್ನ, ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಅಳುಕುತ್ತ ಒಂದು ಗ್ರಾಫ್ ತಂದಿಟ್ಟಳು. ಎರಡು ಗೆರೆ, ಒಂದು ಮೇಲೆ, ಒಂದು ಪಾತಾಳದಲ್ಲಿ. ಬಿದ್ದವರು ಅರೆಕೆರೆಯ ಮಕ್ಕಳು. ಮೆಟ್ರೋ ಸ್ಟೇಷನ್ನುಗಳ ಮೇಲಿನ ಪ್ರಶ್ನೆ ಅದು, ದಿನಾ ತಲಘಟ್ಟಪುರದಿಂದ ಮೆಟ್ರೋದಲ್ಲಿ ಬರುವ ನಾನೇ ಬರೆದದ್ದು. ಆ ಮಕ್ಕಳು ನೋಡಿದ್ದು ಬನ್ನೇರುಘಟ್ಟ ರಸ್ತೆಯಲ್ಲಿ ಇನ್ನೂ ಕಟ್ಟುತ್ತಿರುವ ಮೆಟ್ರೋದ ಕಂಬಗಳನ್ನು, ರೈಲನ್ನಲ್ಲ. "ಸಿಕ್ಕಿಬಿತ್ತು!" ಎಂದು ನಾನು ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಖುಷಿಯಲ್ಲಿ ಕೈ ತಾನಾಗಿ ಫೋನಿಗೆ ಹೋಯಿತು, ಮೇಡಂ ನಂಬರ್ ತೆಗೆಯಿತು... ಅವರು ಹೋಗಿ ಎರಡನೇ ವರ್ಷ. ನಂಬರ್ ಅಳಿಸಲು ನನಗೆ ಇನ್ನೂ ಮನಸ್ಸು ಬಂದಿಲ್ಲ.

ಅದಕ್ಕೇ ಎದ್ದು ಹೊರಗೆ ಬಂದಿದ್ದೆ. ಆಗಲೇ ಆ ವಾಸನೆ ಬಡಿದದ್ದು. ಗಾಡಿಯವನ ಹತ್ತಿರ ಹೋಗಿ, ಮೇಡಂಗೂ ಒಂದು ಒಯ್ಯುತ್ತಿದ್ದ ಹಳೆಯ ಅಭ್ಯಾಸ ನೋಡಿ, "ಎರಡು ಕಟ್ಟಿಕೊಡಪ್ಪ, ಒಂದಕ್ಕೆ ಖಾರ ಜಾಸ್ತಿ" ಎಂದುಬಿಟ್ಟೆ. ಒಂದನ್ನು ಅಲ್ಲೇ ನಿಂತು ತಿಂದೆ. ಖಾರ ಜಾಸ್ತಿ ಇದ್ದದ್ದನ್ನು ಆಫೀಸಿಗೆ ಒಯ್ದು, ನನ್ನ ತಪ್ಪು ಹಿಡಿದ ಹುಡುಗಿಯ ಕೀಬೋರ್ಡಿನ ಪಕ್ಕ ಇಟ್ಟೆ.