ಕೊಡಿಲ್ಲಿ ಮೇಡಂ

ಆಫೀಸಿನಲ್ಲಿ ಅವಳಿಗೆ ಬಿದ್ದ ಹೆಸರು ‘ಕೊಡಿಲ್ಲಿ ಮೇಡಂ’. ಯಾರಾದರೂ ಕೋಡ್ ಬರೆಯಲು ತಡವರಿಸಿದರೆ ಸಾಕು, ಅವಳ ಬೆರಳಿಗೆ ತುರಿಕೆ ಶುರು. ‘ಕೊಡಿ ಇಲ್ಲಿ’ ಎಂದು ಕೀಬೋರ್ಡ್ ಎಳೆದುಕೊಂಡೇಬಿಡುವಳು. ಮನೆಯಲ್ಲೂ ಅದೇ ಕಥೆ. ಗಂಡ ಈರುಳ್ಳಿ ಹೆಚ್ಚಲು ಕೂತರೆ ಚಾಕು ಕಸಿಯುವಳು; ಮಗಳು ಇಷ್ಟುದ್ದ ಬೆಳೆದರೂ ಶೂ ಲೇಸು ಕಟ್ಟುವುದು ಅಮ್ಮನೇ. ಕೆಟ್ಟ ಹೆಂಗಸೇನಲ್ಲ ಬಿಡಿ, ಸಮಾಧಾನವೊಂದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

ಅಂಥವಳ ಕೈಗೆ ಸಿಕ್ಕಿದ್ದು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಮತ್ತೆ ಕೆಲಸಕ್ಕೆ ಬಂದ ಒಬ್ಬ ಹಿರಿಯಾಕೆ. ಎಲ್ಲರಿಗೂ ಅಕ್ಕ. ಕಲಿತದ್ದೆಲ್ಲ ತುಕ್ಕು ಹಿಡಿದಿತ್ತು. ಅಕ್ಕ ಬರೆದ ಕೋಡ್ ಓದಿ ತಪ್ಪು ತೋರಿಸುವುದು ಮೇಡಂ ಕೆಲಸ. ತೋರಿಸುವಷ್ಟು ಪುರುಸೊತ್ತು ಯಾರಿಗಿದೆ? ತಾನೇ ತಿದ್ದಿ, ತಾನೇ ಒಪ್ಪಿಗೆಯ ಗುಂಡಿ ಒತ್ತುತ್ತಿದ್ದಳು. ಹೊರಗಿನವರಿಗೆ ಎಲ್ಲ ಸೊಗಸಾಗಿಯೇ ಕಾಣುತ್ತಿತ್ತು.

ಅಕ್ಕನ ಕೆಲಸ ಖಾಯಂ ಮಾಡುವ ಹೊತ್ತಿಗೆ ಮುಖ್ಯಸ್ಥರು ಪರೀಕ್ಷೆ ಇಟ್ಟರು. "ನನ್ನ ಮುಂದೆ ಒಂದು ತಪ್ಪು ಸರಿ ಮಾಡ್ಲಿ. ಮಾಡಿದ್ರೆ ಇರ್ತಾರೆ, ಇಲ್ಲಾಂದ್ರೆ ಮನೆಗೆ. ಮೇಡಂ, ನೀವು ಮಾತ್ರ ಕೈ ಕಟ್ಕೊಂಡು ಕೂತಿರ್ಬೇಕು."

ಅಂಗಡಿಯ ಆ್ಯಪ್‌ನಲ್ಲಿ ಗ್ರಾಹಕರ ಬುಟ್ಟಿ ಖಾಲಿಯಿದ್ದರೆ ಪ್ರೋಗ್ರಾಂ ನಿಂತುಹೋಗುತ್ತಿತ್ತು. ತಪ್ಪೆಲ್ಲಿದೆಯೆಂದು ಮೇಡಂಗೆ ನೋಡಿದ ತಕ್ಷಣ ಗೊತ್ತಾಯಿತು. ಅಕ್ಕ ಓದಿದಳು, ಬೆವರಿದಳು, ಆಮೇಲೆ ಎಂದಿನಂತೆ ಕುರ್ಚಿ ಹಿಂದಕ್ಕೆ ಸರಿಸಿ ಮೇಡಂಗೆ ಜಾಗ ಬಿಟ್ಟಳು. ಮೇಡಂ ಎದ್ದೇಬಿಟ್ಟಿದ್ದಳು! ಅರ್ಧಕ್ಕೆ ನಿಂತಳು. ಅಯ್ಯೋ ದೇವರೇ, ಇಷ್ಟು ದಿನ ತಾನು ಕಲಿಸಿದ್ದು ಕುರ್ಚಿ ಸರಿಸುವುದನ್ನು ಮಾತ್ರವೇ?

"ಅಕ್ಕಾ, ಕುರ್ಚಿ ಮುಂದಕ್ಕೆ ಎಳ್ಕೊಳ್ಳಿ," ಎಂದು ಕೂತು, ಕೈಗಳನ್ನು ತೊಡೆಯಡಿ ಒತ್ತಿಕೊಂಡಳು.

ಅಕ್ಕ ಬರೆದಳು, ಅಳಿಸಿದಳು, ಸರಿಯಿದ್ದದ್ದನ್ನೂ ಕೆಡಿಸಿದಳು. ಮೇಜಿನಡಿ ಮೇಡಂ ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಮುಖ್ಯಸ್ಥರು ಗಡಿಯಾರ ನೋಡಿದರು. ಕೊನೆಗೂ ಅಕ್ಕ, ಬುಟ್ಟಿಯಲ್ಲಿ ಏನಾದರೂ ಇದೆಯೇ ಎಂದು ಮೊದಲೇ ನೋಡಿಕೊಳ್ಳುವ ಕೋಡ್ ಬರೆದಳು. ಮೇಡಂ ಒಂದು ಸಾಲಿನಲ್ಲಿ ಮುಗಿಸುವಂಥದ್ದು ಅಕ್ಕನ ಕೈಯಲ್ಲಿ ಪರದೆಯ ತುಂಬಾ ಆಗಿತ್ತು. ಆದರೆ ಪ್ರೋಗ್ರಾಂ ನಿಲ್ಲದೆ ಓಡಿತು.

"ನಿಮ್ಮ ಒಪ್ಪಿಗೆ ಇದೆಯಾ, ಮೇಡಂ?" ಮುಖ್ಯಸ್ಥರು ಕೇಳಿದರು.

ಮೇಡಂ ಕೈ ಗುಂಡಿಗೆ ಹೋಗದೆ ಕೀಬೋರ್ಡಿಗೆ ಹೋಯಿತು. "ಒಂಚೂರು ಚಿಕ್ಕದು ಮಾಡಿ..."

ಅಕ್ಕ ಆ ಕೈಯನ್ನು ಹಿಡಿದುಕೊಂಡಳು. "ಬೇಡಮ್ಮ. ನಾಳೆ ಕೆಟ್ರೆ ನಾನೇ ಸರಿ ಮಾಡ್ಬೇಕಲ್ಲ. ನಂಗೆ ಅರ್ಥ ಆಗೋದು ಇದೇ."

ಮೇಡಂಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ಒಂದಕ್ಷರ ಮುಟ್ಟದೆ ಒಪ್ಪಿಗೆಯ ಗುಂಡಿ ಒತ್ತಿದಳು. ಬೆರಳು ಮಾತ್ರ ಇನ್ನೂ ತುರಿಸುತ್ತಲೇ ಇತ್ತು.