ಬಸ್ಸಿನ ಜೊತೆ ಪಂದ್ಯಕ್ಕಿಳಿದ ಫೈಲು

ನಾನು ಚಾಮರಾಜನಗರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೇನೆ. ಮದುವೆ ಆಲ್ಬಮ್ ಜೋಡಿಸುತ್ತಿದ್ದವನು ಕೆಲಸ ಬಿಟ್ಟಾಗ, ಆ ಜಾಗಕ್ಕೆ ಗುಂಡ್ಲುಪೇಟೆಯಲ್ಲಿರುವ ನನ್ನ ಅಕ್ಕನ ಹೆಸರು ಹೇಳಿದೆ. ಅಕ್ಕನಿಗೆ ಕೆಲಸ ಗೊತ್ತಿತ್ತು, ಮನೆಯಲ್ಲಿ ಕಂಪ್ಯೂಟರ್ ಇತ್ತು. ಭಾವನ ಬಾಳೆತೋಟಕ್ಕೆ ಬುತ್ತಿ ಹೊರುವುದರ ಜೊತೆಗೆ ತನ್ನದೂ ಅಂತ ಒಂದು ಕೆಲಸ ಇರಲಿ ಎಂದು ಅವಳು ವರ್ಷಗಳಿಂದ ಹಂಬಲಿಸುತ್ತಿದ್ದಳು. ತೊಂದರೆ ಒಂದೇ, ಅಷ್ಟೊಂದು ಫೋಟೋ ಅಲ್ಲಿಗೆ ತಲುಪಿಸುವುದು ಹೇಗೆ?

ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸುವ ಸಾಫ್ಟ್‌ವೇರ್ ಹಾಕಿದೆ. ಮಧ್ಯದಲ್ಲಿ ಯಾರ ಸರ್ವರೂ ಇಲ್ಲ. ನಮ್ಮ ಅಂಗಡಿಯಿಂದ ಹೊರಟಿದ್ದು ಸೀದಾ ಅಕ್ಕನ ನಡುಮನೆಗೆ. ವಾರವಿಡೀ ವೇಗ ಅಳೆದೆ. ಸಣ್ಣ ಫೈಲು, ದೊಡ್ಡ ಫೈಲು, ಬೆಳಿಗ್ಗೆ, ಸಂಜೆ. ಒಂದು ಸಲ ಬಂದ ಅಳತೆ ಇನ್ನೊಂದು ಸಲ ಬರಲಿಲ್ಲ. ಚೆನ್ನಾಗಿ ಓಡುತ್ತಿದ್ದದ್ದು, ನಾನು ಫೋನು ಮಾಡಿ "ಎಷ್ಟ್ ಬಂತಕ್ಕ?" ಎಂದು ಕೇಳುವಷ್ಟರಲ್ಲಿ ಮುಷ್ಕರ ಹೂಡಿರುತ್ತಿತ್ತು. ಟವರನ್ನು ಬೈದೆ, ಕಾಡನ್ನು ಬೈದೆ, ಗೋಪಾಲಸ್ವಾಮಿ ಬೆಟ್ಟದ ಮಂಜನ್ನೂ ಬಿಡಲಿಲ್ಲ.

ನಮ್ಮ ಮಾಲೀಕರಿಗೆ ನಂಬಿಕೆಯಿದ್ದದ್ದು ಬಸ್ಸಿನ ಮೇಲೆ.

"ಬಸ್ಸಾದ್ರೆ ಕಣ್ಗೆ ಕಾಣ್ತದ ಕಣ್ಲಾ. ನಿನ್ ಫೈಲು ಎಲ್ಲಿಗ್ ಬಂತು ಅಂತ ಯಾರ್ನ ಕೇಳನ?"

ಕೊನೆಗೆ ಪರೀಕ್ಷೆಯನ್ನೂ ಅವರೇ ಗೊತ್ತುಮಾಡಿದರು. ಫೋಟೋಗಳನ್ನು ಹಾರ್ಡ್ ಡಿಸ್ಕಿಗೆ ತುಂಬಿಕೊಂಡು ಅವರು ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತುವುದು, ಅದೇ ಹೊತ್ತಿಗೆ ಅವೇ ಫೋಟೋಗಳನ್ನು ನಾನು ಇಲ್ಲಿಂದ ಕಳಿಸುವುದು. ಅಕ್ಕನ ಮನೆಗೆ ಬಸ್ಸಿನದು ಮೊದಲು ಮುಟ್ಟಿದರೆ ಕೆಲಸ ಇಲ್ಲಿನವರಿಗೇ.

ಬಸ್ಸು ಹೊರಟಿತು, ಫೈಲೂ ಹೊರಟಿತು. ಪರದೆಯ ಮೇಲೆ ಹಸಿರು ಪಟ್ಟಿ ಬೆಳೆಯುವುದನ್ನು ನೋಡುತ್ತಾ ಕಾಲು ಚಾಚಿ ಕೂತೆ. ಸ್ವಲ್ಪ ಹೊತ್ತಿಗೆ ಪಟ್ಟಿ ನಿಂತಿತು. ಅಕ್ಕನಿಗೆ ಫೋನು ಮಾಡಿದರೆ ಎಂಗೇಜು. ಮಾಲೀಕರಿಗೆ ಮಾಡಿದರೆ ಅದೂ ಎಂಗೇಜು. ಪಟ್ಟಿ ಮತ್ತೆ ಹೊರಟಿತು, ಮತ್ತೆ ನಿಂತಿತು, ಮತ್ತೆ ಇಬ್ಬರೂ ಎಂಗೇಜು.

ಆಗ ಹೊಳೆಯಿತು. ಅಕ್ಕನ ಕಂಪ್ಯೂಟರಿಗೆ ನೆಟ್ ಸಿಗುವುದು ಅವಳ ಹಳೇ ಫೋನಿನಿಂದ. ಕರೆ ಬಂದರೆ ಆ ಫೋನು ನೆಟ್ಟನ್ನು ಕೈಬಿಡುತ್ತದೆ. ವಾರವೆಲ್ಲ ನಾನೇ ಕೇಳಿ ಕೇಳಿ ಕೆಡಿಸಿದ್ದೆ, ಈಗ ಬಸ್ಸಿನಲ್ಲಿ ಕೂತು ಮಾಲೀಕರು ಅದನ್ನೇ ಕೇಳಿ ಕೆಡಿಸುತ್ತಿದ್ದರು. ನಮ್ಮ ಕಡೆ ಒಂದು ಮಾತು ಕೇಳಿ ಫೋನಿಡುವುದೂ ಬೈಯುವುದೂ ಒಂದೇ. ಊಟ ಆಯ್ತಾ ಅನ್ನಬೇಕು, ಮನೆಯವರನ್ನು ವಿಚಾರಿಸಬೇಕು, ಮಂಡಿನೋವಿನ ಸುದ್ದಿಯನ್ನು ಪೂರ್ತಿ ಕೇಳಬೇಕು. ಹಿರಿಯರು ಮಾತಾಡುತ್ತಿರುವಾಗ ಅಕ್ಕ ತಾನಾಗಿ ಫೋನಿಡುವವಳೇ ಅಲ್ಲ.

ಒಮ್ಮೆ ಮಾಲೀಕರ ಲೈನು ಸಿಕ್ಕಿತು. "ಅಕ್ಕಂಗೆ ಫೋನ್ ಮಾಡ್ಬೇಡಿ ಅಣ್ಣ" ಅಂದೆ.

"ಯಾಕ್ಲಾ, ಸೋತೋಯ್ತಿನಿ ಅಂತ ಭಯವಾ?" ಎಂದು ನಕ್ಕು, ನನ್ನ ಕರೆ ಕತ್ತರಿಸಿ ಅವಳಿಗೇ ಮಾಡಿದರು.

ಮುಂದಿನದೆಲ್ಲ ಅಕ್ಕ ಹೇಳಿದ್ದು. ಗುಂಡ್ಲುಪೇಟೆಯಲ್ಲಿ ಮಾಲೀಕರು ಮನೆಯ ದಾರಿ ಕೇಳುತ್ತಾ, ಫೋನು ಕಿವಿಯಲ್ಲಿಟ್ಟುಕೊಂಡೇ ಬಸ್ಸಿಳಿದು, ಹಾಗೇ ಮಾತಾಡುತ್ತಾ ಬಾಗಿಲಿಗೆ ಬಂದರಂತೆ. ಪಟ್ಟಿ ಇನ್ನೂ ತುಂಬಿರಲಿಲ್ಲ.

"ಬಸ್ಸೇ ಗೆಲ್ತು ಕಣವ್ವ. ಬೇಜಾರ್ ಮಾಡ್ಕಬ್ಯಾಡ."

ಅಕ್ಕ ಒಳಗೆ ಹೋಗಿ ಕಣ್ಣೊರೆಸಿಕೊಂಡು ಕಾಫಿ ತಂದಳು. "ಡಿಸ್ಕ್ ಕೊಡಿ ಅಣ್ಣ, ಫೋಟೋನಾದ್ರೂ ನೋಡ್ತಿನಿ" ಅಂದಳು. ಮಾಲೀಕರು ಹೆಗಲು ಮುಟ್ಟಿಕೊಂಡರು. ಬ್ಯಾಗಿಲ್ಲ. ಮಾತಿನ ಭರಾಟೆಯಲ್ಲಿ ಅದನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿದ್ದರು. ಬಸ್ಸು ಆಗಲೇ ಊಟಿ ದಾರಿ ಹಿಡಿದಿತ್ತು.

"ಅಯ್ಯೋ, ಬಸ್‌ಸ್ಟ್ಯಾಂಡ್ಗೆ ಫೋನ್ ಮಾಡ್ಬೇಕು! ನಂದು ಚಾರ್ಜ್ ಮುಗ್ದೋಗದ, ನಿನ್ ಫೋನ್ ಕೊಡವ್ವ!"

ಫೋನು ಇಟ್ಟಾಗಲೆಲ್ಲ ಪಟ್ಟಿ ಓಡುವುದನ್ನು ಅಕ್ಕನೂ ಅಷ್ಟು ಹೊತ್ತಿಗೆ ಕಂಡುಕೊಂಡಿದ್ದಳು. ಅದು ಈಗ ಓಡುತ್ತಿತ್ತು. ಹುಟ್ಟಿದಾಗಿನಿಂದ ಹಿರಿಯರ ಮಾತು ಮೀರದವಳು ಫೋನನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಇದೊಂದ್ ತುಂಬ್ಬುಡ್ಲಿ ಅಣ್ಣ. ಕಾಫಿ ಕುಡೀರಿ."

ಮಾಲೀಕರು ಕೂತರು. ಪಟ್ಟಿ ತುಂಬಿತು, ಪರದೆಯ ಮೇಲೆ ಮದುಮಕ್ಕಳು ಬಂದರು. ಆದರೂ ಅಕ್ಕ ಕೈ ಮುಂದೆ ಚಾಚಲಿಲ್ಲ. "ಕೆಲ್ಸ ನಂದೇ ತಾನೇ?" ಎಂದು ಕೇಳಿ, ಅವರು ಹೂಂ ಅಂದ ಮೇಲೆಯೇ ಫೋನು ಕೊಟ್ಟಳು.