ಪಿನ್ನು ನುಂಗಿದ ತಂಗಿ, ಬಾಳೆಹಣ್ಣಿನ ದೊಡ್ಡಪ್ಪ

ಇವತ್ತು ಮಸ್ಕಿ ಬಸ್ಸಿನಲ್ಲಿ ಒಂದು ಕೂಸು ತಾಯಿಯ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನು ಚೀಪುತ್ತಿತ್ತು. ತಾಯಿಗೆ ಮೊಬೈಲೇ ಲೋಕ. ಬೈದು ಬಿಡಿಸಿದೆ.

ನನ್ನ ತಂಗಿಯೂ ಕೂಸಾಗಿದ್ದಾಗ ಹೀಗೇ ಅವ್ವನ ಬಳೆಯ ಪಿನ್ನು ನುಂಗಿದ್ದಳು, ಅದೂ ಬಾಯಿ ಬಿಚ್ಚಿದ್ದು. ಲಿಂಗಸುಗೂರಿನ ಡಾಕ್ಟರು ಹೊಟ್ಟೆ ಕೊಯ್ದೇ ತೆಗೆಯಬೇಕು ಅಂದರೆ, ನಮ್ಮ ದೊಡ್ಡಪ್ಪ ಅವಳನ್ನು ಮನೆಗೆ ಎತ್ತಿಕೊಂಡು ಬಂದು ಬಾಳೆಹಣ್ಣು ತಿನ್ನಿಸುತ್ತಾ ಕೂತ. ಎಮ್ಮೆಗೆ ತಾನೇ ಮದ್ದು ಕುಡಿಸಿ ಕೊಂದಿದ್ದ ಮಹಾಪಂಡಿತ!

“ಹೆಣ್ಣುಕೂಸಿನ ಹೊಟ್ಟಿಗೆ ಹೊಲಿಗಿ ಬಿದ್ರ ನಾಳೆ ಯಾರು ಲಗ್ನ ಮಾಡ್ಕೋತಾರ ಬೇ?” ಅಂದ ಅವ್ವನಿಗೆ.

“ಸತ್ತರ ಯಾರು ಮಾಡ್ಕೋತಾರ್ರಿ ಬಾವಾ?” ಎಂದವಳೇ ಅವ್ವ, ಚೀರುತ್ತಿದ್ದ ತಂಗಿಯನ್ನು ಕಸಿದುಕೊಂಡು ಮತ್ತೆ ಬಸ್ಸು ಹತ್ತಿದಳು.

ಡಾಕ್ಟರು ಕೊಯ್ದು ತೆಗೆದರು, ತಂಗಿ ಉಳಿದಳು. ದೊಡ್ಡಪ್ಪ ಮಾತ್ರ, “ನನ್ನ ಬಾಳಿಹಣ್ಣಿಗೇ ಪಿನ್ನು ಮೆತ್ತಗಾಗಿತ್ತು” ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಈಗ ತಂಗಿಗೆ ಮೊಮ್ಮಕ್ಕಳಿದ್ದಾರೆ. ಆ ಹೊಲಿಗೆ ನೋಡಿ ಅವಳ ಗಂಡ ಇನ್ನೂ ಓಡಿಹೋಗಿಲ್ಲ.